ಮಧ್ಯಾಹ್ನ ರೈಲು ಕಡಿಮೆ ಮಾಡಿದರೆ ಬಿಲ್ ಇಳಿಯುತ್ತಾ?

ನಮಸ್ಕಾರ. ಪುಣೆ ಮೆಟ್ರೋ ಮಧ್ಯಾಹ್ನದ ರೈಲು ಕಡಿಮೆ ಮಾಡಿದರೆ ಕರೆಂಟ್ ಬಿಲ್ ಚೆನ್ನಾಗಿ ಇಳಿಯುತ್ತಾ ಅಂತ ಕೇಳಿದ್ದೀರಿ. ಸ್ವಲ್ಪ ಇಳಿಯುತ್ತದೆ, ಅಷ್ಟೇ. ಇಂಥ ದೊಡ್ಡ ಗ್ರಾಹಕರಿಗೆ ಯೂನಿಟ್ ದರದ ಜೊತೆ ಡಿಮ್ಯಾಂಡ್ ಚಾರ್ಜೂ ಇರುತ್ತದೆ. ತಿಂಗಳಲ್ಲಿ ಯಾವುದೋ ಒಂದು ಹೊತ್ತು ಬಳಕೆ ತೀರಾ ಏರಿದರೂ ಆ ಮಟ್ಟಕ್ಕೇ ಚಾರ್ಜ್ ಬೀಳುತ್ತದೆ. ಅದು ಏರುವುದು ಬೆಳಗ್ಗೆ, ಸಂಜೆಯ ರಷ್‌ನಲ್ಲಿ. ಸುಮ್ನೆ ಮಧ್ಯಾಹ್ನದ ಜನರಿಗೆ ಯಾಕೆ ತೊಂದರೆ?

ನಿಜವಾದ ಉಳಿತಾಯ ಬ್ರೇಕ್‌ನಲ್ಲಿದೆ. ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸ್ ಕೊಡುತ್ತದೆ. ಆಗಲೇ ಹೊರಡುವ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ಟೈಂಟೇಬಲ್ ಹಾಗೆ ಹೊಂದಿಸಿದರೆ ಲಾಭ ಜಾಸ್ತಿ, ಅಲ್ವಾ?

ದರದ ವಿಷಯಕ್ಕೆ ಬಂದರೆ, ರೈಲ್ವೆ 2015ರಿಂದ ಮಹಾರಾಷ್ಟ್ರದಲ್ಲಿ ಓಪನ್ ಆಕ್ಸೆಸ್ ಮೂಲಕ, ಅಂದರೆ ಸ್ಥಳೀಯ ವಿದ್ಯುತ್ ಕಂಪನಿಯನ್ನು ಬಿಟ್ಟು ಬೇಕಾದ ಕಡೆಯಿಂದ ಕೊಳ್ಳುವ ವ್ಯವಸ್ಥೆಯಲ್ಲಿ, ವಿದ್ಯುತ್ ಸ್ಥಾವರದಿಂದಲೇ ಕರೆಂಟ್ ಕೊಳ್ಳುತ್ತಿದೆ. ಮೆಟ್ರೋಗಳಿಗೂ ಆ ದಾರಿ ಸಲೀಸಾಗಬೇಕು ಅನ್ನುವುದು ನನ್ನ ಆಸೆ.