ಕುಣಿದವರ ಮೇಲೆ ಯಾಕೆ ಕೋಪ, ಮೇಷ್ಟ್ರೇ?

ಪತ್ರ: ನಾನು ನಿವೃತ್ತ ಮೇಷ್ಟ್ರು, ಲಿಂಗರಾಜಪುರದ ವಾಸಿ. ಹೋದ ತಿಂಗಳು ನಮ್ಮ ಮನೆ ಎದುರಿನ ಮೈದಾನದಲ್ಲಿ ಕ್ರೈಸ್ತರ ಸುವಾರ್ತಾ ಕೂಟ ನಡೆಯಿತು. ಮಿಷನ್ ಟ್ರಿಪ್ ಅಂತ ಮಿಜೋರಾಂನಿಂದ ಹುಡುಗ ಹುಡುಗಿಯರು ಬಂದಿದ್ದರು. ಗಿಟಾರ್, ಡ್ರಮ್, ಚಪ್ಪಾಳೆ, ಕುಣಿತ! ಮಹಡಿ ಕಿಟಕಿಯಿಂದ ಎಲ್ಲವನ್ನೂ ನೋಡಿದೆ. ಆರಾಧನೆ ಅಂದರೆ ಮೌನ, ಗಾಂಭೀರ್ಯ ಅಲ್ಲವೇ? ಇದು ಭಕ್ತಿಯೋ, ಜಾತ್ರೆಯೋ? ತಾವು ಖಂಡಿಸಿ ಬರೆಯಬೇಕು.

ಉತ್ತರ: ಮೇಷ್ಟ್ರೇ, ಕಾಗದ ಓದಿದೆ. ಅಕ್ಷರ ಎಷ್ಟು ದುಂಡಾಗಿದೆ ಅಂದರೆ, ನಮ್ಮ ಕಚೇರಿಯ ಹುಡುಗರಿಗೆಲ್ಲ ತೋರಿಸಿದೆ. ಆದರೆ ಖಂಡಿಸಿ ಅಂದಿರಲ್ಲ, ಅದು ಆಗದ ಕೆಲಸ.

ಮೊದಲು ನಿಮಗೆ ಸಲ್ಲಬೇಕಾದ್ದು ಸಲ್ಲಲಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಅಂತ 2000ನೇ ಇಸವಿಯ ನಿಯಮ ಇದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು. ಅದನ್ನು ಮೀರಿದ್ದರೆ ದೂರು ಕೊಡಿ, ನಾನೂ ಸಹಿ ಹಾಕುತ್ತೇನೆ. ಮತಾಂತರದ ಮಾತಿಗೂ ಕಾನೂನಿದೆ. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿಮ್ಮ ಪತ್ರದಲ್ಲಿ ಆಮಿಷದ ಮಾತಿಲ್ಲ, ಒತ್ತಾಯದ ಮಾತಿಲ್ಲ, ರಾತ್ರಿ ಹತ್ತು ದಾಟಿತು ಅಂತಲೂ ಇಲ್ಲ. ಅವರು ಖುಷಿಯಾಗಿದ್ದರು ಅನ್ನುವುದೇ ನಿಮ್ಮ ದೂರು!

ಕಿಟಕಿಯಿಂದ ನೋಡಿದೆ ಅಂದಿರಿ. ಬೈಬಲಿನಲ್ಲಿ ಒಂದು ಕಥೆ ಇದೆ. ದೇವರ ಮಂಜೂಷವನ್ನು, ಅಂದರೆ ಪವಿತ್ರ ಪೆಟ್ಟಿಗೆಯನ್ನು, ಜೆರೂಸಲೇಮಿಗೆ ತರುವಾಗ ರಾಜ ದಾವೀದನಿಗೆ ಸಂತೋಷ ತಡೆಯಲಾಗಲಿಲ್ಲ. ರಾಜನೆಂಬುದನ್ನೂ ಮರೆತು ಬೀದಿಯಲ್ಲಿ ಕುಣಿದ. ಅವನ ಹೆಂಡತಿ ಮೀಕಲ, ಸೌಲ ರಾಜನ ಮಗಳು, ಅದನ್ನು ಕಿಟಕಿಯಿಂದ ನೋಡಿ ಮನಸ್ಸಿನಲ್ಲೇ ತಿರಸ್ಕಾರ ಮಾಡಿದಳು. ಮನೆಗೆ ಬಂದ ಮೇಲೆ ಚುಚ್ಚಿ ಮಾತಾಡಿದಳು. ಇದಕ್ಕಿಂತ ಇನ್ನೂ ಕೀಳಾಗಲು ನಾನು ತಯಾರು ಅಂದ ದಾವೀದ. ಕಥೆ ಬರೆದವನ ಮನಸ್ಸು ಯಾರ ಕಡೆ ಇದೆ ಅಂತ ಓದಿದವರಿಗೆಲ್ಲ ಗೊತ್ತಾಗುತ್ತದೆ. ನಿಮ್ಮನ್ನು ಮೀಕಲಳಿಗೆ ಹೋಲಿಸುತ್ತಿಲ್ಲ, ಸುಮ್ನೆ ಕಿಟಕಿಯ ಮಾತು ಬಂತು ಅಂತ ಹೇಳಿದೆ. ಬೈಬಲಿನ 150ನೇ ಕೀರ್ತನೆಯಂತೂ ತುತೂರಿ, ದಮ್ಮಡಿ, ಕುಣಿತ, ಝಲ್ಲೆನ್ನುವ ತಾಳ ಎಲ್ಲವನ್ನೂ ಹೆಸರಿಟ್ಟು ಕರೆಯುತ್ತದೆ. ಅವರು ಹೊಸದೇನನ್ನೂ ಮಾಡಿಲ್ಲ.

ನಮ್ಮದರಲ್ಲಿ ಏನು ಕಡಿಮೆ? ಕಾಲಿಗೆ ಗೆಜ್ಜೆ ಕಟ್ಟಿ, ಚಿಟಿಕೆ ಹಿಡಿದು ಬೀದಿ ಬೀದಿ ಹಾಡಿದ ಹರಿದಾಸರು ಯಾರು? ಅವತ್ತಿನ ಮರ್ಯಾದಸ್ಥರೂ ಮೂಗು ಮುರಿದಿರಬೇಕು. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಟರೆ ಬೆಳಗಿನವರೆಗೂ ಪೇಟೆ ಮಲಗುವುದಿಲ್ಲ. ದಾರಿಯಲ್ಲಿ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಅದು ಜಾತ್ರೆಯೂ ಹೌದು, ಭಕ್ತಿಯೂ ಹೌದು. ಎರಡರ ನಡುವೆ ಗೋಡೆ ಎಬ್ಬಿಸಿದ್ದು ಯಾರೋ ನನಗೆ ಗೊತ್ತಿಲ್ಲ.

ಇನ್ನೊಂದು ಸಂಗತಿ ಕೇಳಿ. ದಾಸರ ಪದಗಳನ್ನು ಒಟ್ಟು ಮಾಡಿ 1850ರ ಹೊತ್ತಿಗೆ ಅಚ್ಚು ಹಾಕಿಸಿದವರಲ್ಲಿ ಮೊದಲಿಗರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದರಲ್ಲ, ಅದೇ ಜರ್ಮನ್ ಪಾದ್ರಿ. ಸುವಾರ್ತೆ ಸಾರಲು ಬಂದವರು ನಮ್ಮ ಬೀದಿ ಹಾಡನ್ನು ಕಿವಿಗೊಟ್ಟು ಕೇಳಿದರು. ನಾವು ಕಿಟಕಿ ಮುಚ್ಚುತ್ತಿದ್ದೇವೆ.

ಮಿಜೋರಾಂ ಮಕ್ಕಳ ಡೋಲಿನ ಬಗ್ಗೆಯೂ ಹೇಳಬೇಕು. ಅಲ್ಲಿಗೆ ಮಿಷನರಿಗಳು ಹೋಗಿ ನೆಲೆ ನಿಂತಿದ್ದು 1894ರಲ್ಲಿ. 2011ರ ಜನಗಣತಿಯಂತೆ ನೂರಕ್ಕೆ 87 ಜನ ಕ್ರೈಸ್ತರು. ಖುವಾಂಗ್ ಅನ್ನುವ ಅವರ ಡೋಲಿಗೆ ಮೊದಮೊದಲು ಚರ್ಚಿನಲ್ಲಿ ಜಾಗ ಇರಲಿಲ್ಲ. ಹಳೆಯ ಹಬ್ಬ, ಕುಡಿತದ ನೆನಪು ತರುತ್ತದೆ ಅಂತ ದೊಡ್ಡವರ ಭಯ. ಆಮೇಲೆ ಒಂದರ ಹಿಂದೆ ಒಂದು ಭಕ್ತಿಯ ಅಲೆ ಎದ್ದಾಗ ಜನ ಡೋಲು ಹೊತ್ತು ಒಳಗೇ ಬಂದರು. ಈಗ ಅದಿಲ್ಲದೆ ಆರಾಧನೆ ಶುರುವಾಗುವುದೇ ಕಷ್ಟ. ಗಾಂಭೀರ್ಯದ ನಿಮ್ಮ ವಾದವನ್ನು ಅವರ ಅಜ್ಜಂದಿರು ಕೇಳಿ, ಸೋಲಿಸಿ ಆಗಿದೆ.

ಹೆಣ್ಣೂರು ಕಡೆ ಇಂಥದ್ದೇ ಒಂದು ಕೂಟಕ್ಕೆ ನಾನೂ ಹೋಗಿದ್ದೆ. ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿ. ಮುಂದಿನ ಸಾಲಿನಲ್ಲಿ ಅರವತ್ತು ದಾಟಿದ ಹೆಂಗಸು. ಚಪ್ಪಲಿ ಕುರ್ಚಿಯ ಕೆಳಗೆ ತಳ್ಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ದಮ್ಮಡಿ ಬಡಿಯುತ್ತಿದ್ದರು. ಬಡಿದು ಬಡಿದು ನೋವಾಗಬಾರದು ಅಂತ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದರು. ವೇದಿಕೆ ಮೇಲೆ ಹೊರಗಿನಿಂದ ಬಂದ ಒಬ್ಬಳು ಹುಡುಗಿ ಮೊಬೈಲ್ ನೋಡಿಕೊಂಡು ಕನ್ನಡ ಹಾಡು ಹಾಡುತ್ತಿದ್ದಳು. ‘ಳ’ ಬಂದಲ್ಲೆಲ್ಲ ‘ಲ’. ಈ ಅಮ್ಮ ಕೆಳಗಿನಿಂದಲೇ ಜೋರಾಗಿ ತಿದ್ದಿ ಹಾಡುತ್ತಿದ್ದರು, ಹುಡುಗಿ ನಗುತ್ತಾ ಅದನ್ನೇ ಹಿಡಿಯುತ್ತಿದ್ದಳು. ಆಮೇಲೆ ಪಾಸ್ಟರ್ ಪ್ರಸಂಗ ಮಾಡಿದರು. ಉದ್ದವಾಯಿತು. ನಾನು ಅರ್ಧಕ್ಕೇ ಎದ್ದು ಬಂದೆ.

ಆದರೆ ಅಲ್ಲಿ ಎಲ್ಲರ ಬಾಯಿ ಬಿಚ್ಚಿತ್ತು. ನನ್ನ ಹಳೇ ಸಂಕಟ ಇರುವುದೇ ಇಲ್ಲಿ. ಬೆಂಗಳೂರು ಹಾಡುವುದನ್ನು ನಿಲ್ಲಿಸಿದೆ, ಮೇಷ್ಟ್ರೇ. ಗಣಪತಿ ಕೂರಿಸುತ್ತೇವೆ, ಹಾಡುವುದು ಸ್ಪೀಕರ್. ಮದುವೆಯಲ್ಲಿ ಸೋಬಾನೆ ಹೇಳುವ ಅತ್ತೆಯರಿಲ್ಲ, ಡಿಜೆ ಇದ್ದಾನೆ. ನಾಡಗೀತೆಗೆ ಎರಡೂವರೆ ನಿಮಿಷ ಅಂತ 2022ರಲ್ಲಿ ಸರ್ಕಾರ ಗೊತ್ತು ಮಾಡಿತು. ಒಳ್ಳೆಯದೇ. ಆದರೆ ಸಭೆಗಳಲ್ಲಿ ನೋಡಿ, ಪೆನ್‌ಡ್ರೈವ್ ಹಾಡುತ್ತದೆ, ನಾವು ತುಟಿ ಬಿಗಿದು ನಿಂತಿರುತ್ತೇವೆ. ಮೈದಾನಗಳಿಗೂ ಗೇಟು ಬಿತ್ತು, ಬೀಗ ಬಿತ್ತು, ಗಂಟೆಗಿಷ್ಟು ಬಾಡಿಗೆ ಅಂತ ಬೋರ್ಡು ಬಿತ್ತು. ಐವತ್ತು ಜನ ಒಟ್ಟಿಗೆ ನಿಂತು ಹಾಡುತ್ತೇವೆ ಅಂದರೆ ಜಾಗ ಎಲ್ಲಿದೆ? ಇಡೀ ದಿನ ಹಾರ್ನ್ ಸಹಿಸುವ ನಮಗೆ ಚಪ್ಪಾಳೆ ಜಾಸ್ತಿ ಆಗುತ್ತದೆ.

ನಿಮ್ಮ ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದ ಒಂದು ಸಾಲನ್ನು ಮೇಲೆ ಅಚ್ಚು ಮಾಡಿಲ್ಲ. ಹರೆಯದಲ್ಲಿ ಶನಿವಾರದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದೆ ಅಂದಿದ್ದೀರಿ. ಆ ಭಜನಾ ಮಂಡಳಿ ಯಾಕೆ ನಿಂತಿತು? ಹಾರ್ಮೋನಿಯಂ ಈಗ ಯಾರ ಮನೆಯಲ್ಲಿದೆ? ಅದನ್ನು ಬರೆದು ಕಳಿಸಿ. ಎರಡು ಪುಟ ಆದರೂ ಸರಿ, ಒಂದಕ್ಷರ ಕತ್ತರಿಸದೆ ಹಾಕುತ್ತೇನೆ.

— ಸಂ.