ದಿನಾ 50 ಪದ ಉರು ಹೊಡೆದರೂ ನಿಲ್ಲುತ್ತಿಲ್ಲವೇ?

ಬ್ಯಾಂಕ್ ಪರೀಕ್ಷೆಗೆಂದು ದಿನಾ 50 ಇಂಗ್ಲಿಷ್ ಪದ ಬಾಯಿಪಾಠ ಮಾಡಿದರೂ ವಾರದಲ್ಲಿ ಮರೆತುಹೋಗುತ್ತವೆ ಎಂದು ಮಾಲೂರಿನಿಂದ ಕೇಳಿದ್ದೀರಿ. ದೋಷ ನಿಮ್ಮ ನೆನಪಿನದಲ್ಲ. ಪದ, ಅರ್ಥ ಎರಡನ್ನೂ ಒಟ್ಟಿಗೆ ನೋಡುತ್ತಾ ಓದಿದರೆ ಕಣ್ಣಿಗೆ ಪರಿಚಯವಾಗುತ್ತದೆ ಅಷ್ಟೇ, ಬೇಕಾದಾಗ ನೆನಪಿಗೆ ಬರುವುದಿಲ್ಲ.

50 ಬಿಡಿ, 10 ಸಾಕು. ಪ್ರತಿ ಪದಕ್ಕೂ ನಿಮಗೆ ಗೊತ್ತಿರುವ ವಿಷಯದ ಮೇಲೆ ಒಂದು ಇಂಗ್ಲಿಷ್ ವಾಕ್ಯ ಬರೆಯಿರಿ. ‘ಪ್ಲಮೆಟ್’ ತಗೊಳ್ಳಿ: ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ರೇಟು ದಿಢೀರನೆ ನೆಲಕಚ್ಚುತ್ತದಲ್ಲ, ಅದೇ. ಆದರೆ ರೇಟು ತಾನಾಗಿ ಪ್ಲಮೆಟ್ ಆಗಬೇಕು. ವ್ಯಾಪಾರಿಗಳು ರೇಟನ್ನು ಪ್ಲಮೆಟ್ ಮಾಡಿದರು ಎಂಬಂತೆ ಇಂಗ್ಲಿಷ್‌ನಲ್ಲಿ ಬರೆದರೆ ತಪ್ಪು. ಬರೀ ‘ಕುಸಿತ’ ಎಂದು ಬರೆದುಕೊಂಡವರು ಎಡವುವುದು ಇಲ್ಲೇ. ಕ್ರಿಯಾಪದಕ್ಕೆ ಕರ್ಮ ಬೇಕೋ ಬೇಡವೋ ಎಂದು ಲರ್ನರ್ಸ್ ಡಿಕ್ಷನರಿಯಲ್ಲಿ (ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು) ನೋಡಿ ಗುರುತು ಹಾಕಿಕೊಳ್ಳಿ.

‘ಮಿಟಿಗೇಟ್’, ‘ಅಲೀವಿಯೇಟ್’ ಎರಡಕ್ಕೂ ‘ತಗ್ಗಿಸು’ ಎನ್ನಬಹುದು. ಆದರೆ ಮೊದಲನೆಯದು ರಿಸ್ಕ್ ಜೊತೆ, ಎರಡನೆಯದು ಪೇನ್, ಪಾವರ್ಟಿ ಜೊತೆ ಹೆಚ್ಚು ಬರುತ್ತದೆ. ಇಂಥ ಜೋಡಿಗಳನ್ನು ದಯವಿಟ್ಟು ಒಂದೇ ದಿನ ಕಲಿಯಬೇಡಿ, ಒಂದಕ್ಕೊಂದು ಕಲಸಿಕೊಳ್ಳುತ್ತವೆ.

ನೋಟ್‌ಬುಕ್ಕಿನ ಎಡಕ್ಕೆ ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಬಲಕ್ಕೆ ಪದ. ಬಲಭಾಗ ಮುಚ್ಚಿ 1, 3, 7, 21ನೇ ದಿನ ಬರೆದು ನೋಡಿ. ತಪ್ಪಿದ ಪದ ಮತ್ತೆ 1ನೇ ದಿನದಿಂದ ಶುರು.