ಮೂರು ಚೀಲ ಅಪ್ಪೆಮಿಡಿ

ಪರೀಕ್ಷೆ ಹತ್ರ ಬಂದ್ರೆ ಶಿವಮೊಗ್ಗದಲ್ಲಿ ನನ್ ಹತ್ರ ಬರೋ ಅಪ್ಪ ಅಮ್ಮಂದಿರು ಹೇಳೋದು ಒಂದೇ, "ಮಗ್ಗಿ ಬರುತ್ತೆ ಮೇಡಂ, ಭಾಗಾಕಾರನೂ ಬರುತ್ತೆ, ವಾಕ್ಯದ ಲೆಕ್ಕ ಕೊಟ್ರೆ ಅಳ್ತಾಳೆ." ಈ ಹುಡುಗಿ ಹೊಸನಗರ ಕಡೆಯವಳು, 5ನೇ ಕ್ಲಾಸು (ಗುರುತು ಸಿಗಬಾರ್ದು ಅಂತ ಒಂದೆರಡು ವಿವರ ಬದಲಾಯ್ಸಿದೀನಿ).

ಒಂದು ಲೆಕ್ಕ ಕೊಟ್ಟೆ. 3 ಚೀಲ ಅಪ್ಪೆಮಿಡಿ, ಚೀಲಕ್ಕೆ 250, ಅದ್ರಲ್ಲಿ ಎಲ್ಲಾ ಸೇರಿ 90 ಕೆಟ್ಟಿವೆ, ಉಳಿದದ್ದನ್ನ 4 ಭರಣಿಗೆ ಸಮನಾಗಿ ಹಾಕಿದ್ರೆ ಒಂದೊಂದಕ್ಕೆ ಎಷ್ಟು? ಅರ್ಧ ನಿಮಿಷ ಇಲ್ಲ, 250ರಲ್ಲಿ 90 ಕಳೆದು, 4ರಿಂದ ಭಾಗಿಸಿ, 40 ಅಂತ ಬರೆದ್ಲು.

ಹೇಗೆ ಬಂತು ಪುಟ್ಟಿ ಅಂದೆ.

"ಉಳಿದ ಅಂದ್ರೆ ಕಳಿಬೇಕು, ಸಮನಾಗಿ ಅಂದ್ರೆ ಭಾಗಿಸ್ಬೇಕು ಮಿಸ್. ಮೂರಕ್ಕೆ ಯಾವ ಪದಾನೂ ಇಲ್ವಲ್ಲ, ಅದನ್ನ ಬಿಟ್ಟೆ."

ಆ ಮಾತು ನಂಗೆ ರಾತ್ರಿವರೆಗೂ ತಲೇಲಿ ಕೊರೀತಾನೇ ಇತ್ತು. ಟ್ಯೂಷನ್ನಲ್ಲಿ ಪದ ಹುಡುಕೋದು ಕಲಿಸಿದಾರೆ, ಅವಳು ಚಾಚೂ ತಪ್ಪದೆ ಹಾಗೇ ಮಾಡಿದಾಳೆ, ಇದನ್ನ ದಡ್ಡತನ ಅಂತ ಹೇಗೆ ಅನ್ನೋದು. 1980ರ ಹೊತ್ತಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, ಹಡಗಲ್ಲಿ 26 ಕುರಿ 10 ಆಡು ಇದ್ರೆ ಕ್ಯಾಪ್ಟನ್ ವಯಸ್ಸೆಷ್ಟು ಅಂತ ಕೇಳಿದ್ದಕ್ಕೆ 97 ಮಕ್ಕಳಲ್ಲಿ 76 ಮಕ್ಕಳು ಸಂಖ್ಯೆ ಸೇರ್ಸಿ ಏನೋ ಒಂದು ಉತ್ತರ ಬರೆದಿದ್ರು. ಅಲ್ಲೂ ಇದೇ ಕಥೆ.

ಚೀಟಿ ಹರಿದು ಸಂಖ್ಯೆಗಳ ಮೇಲೆಲ್ಲ ಮುಚ್ಚಿದೆ. ಈಗ ಏನ್ ನಡೀತು ಹೇಳು ಅಂದೆ.

"ಮಿಡಿ ತಂದ್ರು, ಕೆಟ್ಟಿದ್ದು ಆರಿಸಿ ಎಸೆದ್ರು, ಭರಣಿಗೆ..." ಅಲ್ಲಿಗೆ ನಿಂತ್ಲು. "ಅಯ್ಯೋ ಮಿಸ್, ನಾನು ಒಂದೇ ಚೀಲ ಬಿಚ್ಚಿದೀನಿ, ಇನ್ನೆರಡು ಜಗಲಿ ಮೇಲೇ ಇದಾವೆ!"

750, ಆಮೇಲೆ 660, ಆಮೇಲೆ 165. ನಾನು ಬಾಯಿ ಬಿಡ್ಲಿಲ್ಲ.

ಅಮ್ಮಂಗೆ ಹೇಳಿದ್ದು ಇಷ್ಟೇ, ದಿನಕ್ಕೆ ಎರಡೇ ಲೆಕ್ಕ, ಮೊದಲು ಸಂಖ್ಯೆ ಮುಚ್ಚಿ ಕಥೆ ಹೇಳಿಸಿ, ಕೂಡೋದಾ ಕಳಿಯೋದಾ ಅಂತ ನೀವು ಬಾಯಿ ಹಾಕ್ಬೇಡಿ. ಅವ್ರಿಗೆ ಸಿಟ್ಟು ಬಂತು, "ಇನ್ನೊಂದು ತಿಂಗಳಿಗೆ ಪರೀಕ್ಷೆ ಇದೆ, ನೀವು ಕಥೆ ಹೇಳ್ಸಿ ಅಂತೀರಲ್ಲ" ಅಂದ್ರು. ಇಪ್ಪತ್ತು ಲೆಕ್ಕ ಮಾಡ್ಸಿ ಅಂದಿದ್ರೆ ಖುಷಿಯಾಗಿ ಹೋಗ್ತಿದ್ರೋ ಏನೋ. ಆದ್ರೆ ಕಥೆ ಕಣ್ಣಿಗೆ ಕಟ್ಟದೆ ಇಪ್ಪತ್ತು ಮಾಡಿದ್ರೆ ಇಪ್ಪತ್ತು ಸಲನೂ ಅದೇ ತಪ್ಪು, ಅದಕ್ಕೆ ನಾನು ಒಪ್ಪಲ್ಲ.

ಮೊನ್ನೆ ಫೋನ್ ಮಾಡಿದ್ರು. ಗುಣಾಕಾರದಲ್ಲಿ ಈಗ ದಶಕ ಬಿಡ್ತಾಳಂತೆ. ಚೀಲ ಮಾತ್ರ ಬಿಡ್ತಿಲ್ವಂತೆ.